ಉತ್ತರ ತುದಿಯ ಊರುಗಳ ನಡುವೆ ಎಷ್ಟು ದೂರ, ಎಷ್ಟು ಹೊತ್ತು: ದೂರ ಲೆಕ್ಕ ಹಾಕುವ ಜಾಲತಾಣಗಳ ವಿಮರ್ಶೆ

ಎರಡು ಊರುಗಳ ಹೆಸರು ಹಾಕಿದರೆ ಸಾಕು, ದೂರ ಇಷ್ಟು ಕಿಲೋಮೀಟರ್, ವಿಮಾನದಲ್ಲಿ ಇಷ್ಟು ಹೊತ್ತು ಎಂದು ಥಟ್ಟನೆ ಹೇಳುವ ಜಾಲತಾಣಗಳು ಬೇಕಾದಷ್ಟಿವೆ. ದೊಡ್ಡ ನಗರಗಳ ಮಟ್ಟಿಗೆ ಅವು ಹೇಳುವುದು ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಅವುಗಳ ನಿಜವಾದ ಪರೀಕ್ಷೆ ನಡೆಯುವುದು ಆರ್ಕ್ಟಿಕ್ ಪ್ರದೇಶದಲ್ಲಿ. ಅಲ್ಲಿ ಊರಿನಿಂದ ಊರಿಗೆ ರಸ್ತೆಯಿಲ್ಲ, ಕೆಲವು ಕಡೆ ದೊಡ್ಡ ವಿಮಾನ ಇಳಿಯುವಷ್ಟು ಉದ್ದದ ರನ್‌ವೇ ಇಲ್ಲ, ಪಕ್ಕದ ಊರಿಗೆ ಹೋಗಲು ಒಮ್ಮೊಮ್ಮೆ ಸಾವಿರ ಕಿಲೋಮೀಟರ್ ಹಿಂದಕ್ಕೆ ಹೋಗಿ ಬರಬೇಕು. ಇಂಥ ಕಡೆ ಈ ತಾಣಗಳು ಕೊಡುವ ದೂರವನ್ನು ನಂಬಬಹುದು. ಸಮಯವನ್ನು ಮಾತ್ರ ನಂಬಿ ಪ್ರಯಾಣದ ಯೋಜನೆ ಹಾಕಬಾರದು.

ಮೊದಲು ಈ ತಾಣಗಳು ಲೆಕ್ಕ ಹಾಕುವ ಬಗೆ ತಿಳಿದಿರಲಿ. ಊರಿನ ಹೆಸರಿನಿಂದ ಅದರ ಅಕ್ಷಾಂಶ, ರೇಖಾಂಶ ತೆಗೆದುಕೊಳ್ಳುತ್ತವೆ. ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಗೋಳ ಎಂದುಕೊಂಡು ಎರಡು ಬಿಂದುಗಳ ನಡುವಿನ ಅತಿ ಕಿರಿದಾದ ದಾರಿಯನ್ನು, ಅಂದರೆ ಮಹಾವೃತ್ತದ ಅಂತರವನ್ನು ಕಂಡುಹಿಡಿಯುತ್ತವೆ. ಆ ಅಂತರವನ್ನು ಗಂಟೆಗೆ 500 ಮೈಲಿ, ಅಂದರೆ ಸುಮಾರು 805 ಕಿ.ಮೀ. ವೇಗದಿಂದ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಸೇರಿ ಅರ್ಧ ಗಂಟೆ ಕೂಡಿಸುತ್ತವೆ. ಬಹುತೇಕ ತಾಣಗಳ ‘ಹಾರಾಟದ ಸಮಯ’ ಇಷ್ಟೇ. ಆ ದಾರಿಯಲ್ಲಿ ವಿಮಾನ ಓಡುತ್ತದೆಯೇ, ಓಡಿದರೂ ಯಾವ ವಿಮಾನ ಎಂಬುದನ್ನು ನೋಡುವ ಗೋಜಿಗೇ ಅವು ಹೋಗುವುದಿಲ್ಲ.

ಅಲಾಸ್ಕಾದ ಉಟ್ಕಿಯಾಗ್ವಿಕ್ ಮತ್ತು ಕಾಟ್ಸೆಬ್ಯೂ ಊರುಗಳನ್ನು ತೆಗೆದುಕೊಳ್ಳಿ. ಎರಡೂ ಸಮುದ್ರದಂಡೆಯ ಊರುಗಳು, ಎರಡಕ್ಕೂ ಹೊರಗಿನಿಂದ ರಸ್ತೆಯಿಲ್ಲ, ಎರಡರಲ್ಲೂ ಜೆಟ್ ಇಳಿಯುವ ನಿಲ್ದಾಣವಿದೆ. ನೇರ ದೂರ 541 ಕಿ.ಮೀ. ಮೇಲಿನ ಸೂತ್ರಕ್ಕೆ ಹಾಕಿದರೆ 40 ನಿಮಿಷ, ಜೊತೆಗೆ ಅರ್ಧ ಗಂಟೆ, ಒಟ್ಟು 1 ಗಂಟೆ 10 ನಿಮಿಷ. ಓದಲು ಚೆನ್ನಾಗಿದೆ. ಆದರೆ ಈ ಊರುಗಳಿಗೆ ಬರುವ ಜೆಟ್‌ಗಳು ಅಲಾಸ್ಕಾದ ದೊಡ್ಡ ನಗರವಾದ ಆಂಕರೇಜ್ ಕಡೆಯಿಂದ ಬರುತ್ತವೆ, ಆ ಕಡೆಗೇ ಮರಳುತ್ತವೆ. ಹಾಗಾಗಿ ಸಾಮಾನ್ಯ ಪ್ರಯಾಣಿಕ ಉಟ್ಕಿಯಾಗ್ವಿಕ್‌ನಿಂದ 725 ಮೈಲಿ ದಕ್ಷಿಣಕ್ಕೆ ಹಾರಿ ಆಂಕರೇಜ್ ಸೇರಬೇಕು, ಅಲ್ಲಿ ಕಾಯಬೇಕು, ಮತ್ತೆ 549 ಮೈಲಿ ವಾಯವ್ಯಕ್ಕೆ ಹಾರಿ ಕಾಟ್ಸೆಬ್ಯೂ ತಲುಪಬೇಕು. ಒಟ್ಟು 1,274 ಮೈಲಿ, ಅಂದರೆ ಸುಮಾರು 2,050 ಕಿ.ಮೀ. ನೇರ ದೂರದ ಹತ್ತಿರ ಹತ್ತಿರ ನಾಲ್ಕು ಪಟ್ಟು! ಗಾಳಿಯಲ್ಲಿರುವ ಸಮಯವೇ ಮೂರೂವರೆ ಗಂಟೆಯ ಆಸುಪಾಸು. ಎರಡು ವಿಮಾನಗಳ ವೇಳೆ ಹೊಂದದಿದ್ದರೆ ಆಂಕರೇಜ್‌ನಲ್ಲಿ ಒಂದು ರಾತ್ರಿ ಉಳಿಯಬೇಕಾಗುತ್ತದೆ.

ನೇರವಾಗಿಯೇ ಹೋಗಬೇಕೆಂದರೆ ಸಣ್ಣ ವಿಮಾನ ಚಾರ್ಟರ್ ಮಾಡಬೇಕು. ಆಗಲೂ 1 ಗಂಟೆ 10 ನಿಮಿಷ ಆಗುವುದಿಲ್ಲ. ಆ ಭಾಗದಲ್ಲಿ ಹೆಚ್ಚು ಬಳಕೆಯಲ್ಲಿರುವ ಸೆಸ್ನಾ ಕ್ಯಾರವಾನ್ ಸುಮಾರು 165 ನಾಟ್, ಅಂದರೆ ಗಂಟೆಗೆ 165 ನಾಟಿಕಲ್ ಮೈಲಿ ವೇಗದಲ್ಲಿ ಹೋಗುತ್ತದೆ (ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ.). 541 ಕಿ.ಮೀ. ಎಂದರೆ 292 ನಾಟಿಕಲ್ ಮೈಲಿ. ಭಾಗಿಸಿದರೆ 1 ಗಂಟೆ 46 ನಿಮಿಷ, ಏರಿಳಿಯುವುದು ಸೇರಿದರೆ ಎರಡು ಗಂಟೆ. ಅದೂ ಹವೆ ಒಪ್ಪಿದರೆ ಮಾತ್ರ, ಏಕೆಂದರೆ ನೇರ ದಾರಿ ಬ್ರೂಕ್ಸ್ ಪರ್ವತಸಾಲಿನ ಪಶ್ಚಿಮದ ತುದಿಯನ್ನು ದಾಟಿಯೇ ಹೋಗುತ್ತದೆ.

ಕೆಲವು ತಾಣಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ರಸ್ತೆ ದೂರ’ ಎಂದೂ ಒಂದು ಸಂಖ್ಯೆ ತೋರಿಸುತ್ತವೆ. ನೇರ ದೂರವನ್ನು ಯಾವುದೋ ಒಂದು ಗುಣಕದಿಂದ ಗುಣಿಸಿದ ಸಂಖ್ಯೆ ಅದು. ಅಲಾಸ್ಕಾದ ಉತ್ತರಕ್ಕೆ ಹೋಗುವ ಡಾಲ್ಟನ್ ಹೆದ್ದಾರಿ 666 ಕಿ.ಮೀ. ಸಾಗಿ ಡೆಡ್‌ಹಾರ್ಸ್‌ನಲ್ಲಿ ಮುಗಿಯುತ್ತದೆ. ಅಲ್ಲಿಂದ ಉಟ್ಕಿಯಾಗ್ವಿಕ್ ಇನ್ನೂ 300 ಕಿ.ಮೀ.ಗೂ ಹೆಚ್ಚು ದೂರ, ನಡುವೆ ವರ್ಷವಿಡೀ ಓಡಾಡುವ ರಸ್ತೆಯಿಲ್ಲ. ಇಲ್ಲದ ರಸ್ತೆಗೆ ಉದ್ದ ಹೇಳುವ ತಾಣದ ಉಳಿದ ಸಂಖ್ಯೆಗಳನ್ನೂ ಅನುಮಾನದಿಂದಲೇ ನೋಡುವುದು ಒಳ್ಳೆಯದು.

ಎರಡನೆಯ ಜೋಡಿ ಕೆನಡಾದ ನುನಾವುಟ್ ಪ್ರಾಂತದ ರೆಸಲ್ಯೂಟ್ ಮತ್ತು ಗ್ರೀಸ್ ಫಿಯರ್ಡ್. ಗ್ರೀಸ್ ಫಿಯರ್ಡ್ 76 ಡಿಗ್ರಿ ಉತ್ತರ ಅಕ್ಷಾಂಶವನ್ನೂ ದಾಟಿದ ಊರು, ಎಲ್ಸ್‌ಮಿಯರ್ ದ್ವೀಪದ ದಕ್ಷಿಣ ತೀರದಲ್ಲಿದೆ. ಎರಡರ ನಡುವೆ 384 ಕಿ.ಮೀ. ತಾಣದ ಸೂತ್ರದ ಪ್ರಕಾರ 29 ನಿಮಿಷಕ್ಕೆ ಅರ್ಧ ಗಂಟೆ ಸೇರಿ 59 ನಿಮಿಷ. ಗಂಟೆಗೆ 805 ಕಿ.ಮೀ. ಓಡುವ ಜೆಟ್‌ಗೆ ಮಾತ್ರ ಹೊಂದುವ ಲೆಕ್ಕ ಇದು. ಗ್ರೀಸ್ ಫಿಯರ್ಡ್‌ನ ರನ್‌ವೇ ಜಲ್ಲಿಯದು, ಉದ್ದ ಸುಮಾರು 500 ಮೀಟರ್, ಒಂದು ಕಡೆ ಕಡಿದಾದ ಬೆಟ್ಟ, ಇನ್ನೊಂದು ಕಡೆ ಸಮುದ್ರ. ಅಲ್ಲಿ ಇಳಿಯುವುದು ಟ್ವಿನ್ ಆಟರ್: ಎರಡು ಟರ್ಬೊಪ್ರಾಪ್ ಎಂಜಿನ್, ಹೆಚ್ಚೆಂದರೆ 19 ಸೀಟು, ತೀರಾ ಕಿರಿದಾದ ಜಾಗದಲ್ಲಿ ಏರಿ ಇಳಿಯಲೆಂದೇ ಮಾಡಿದ ವಿಮಾನ. ಅದರ ಮಾಮೂಲು ವೇಗ 150 ನಾಟ್‌ನ ಆಸುಪಾಸು.

ಈಗ ಕೂತು ಲೆಕ್ಕ ಹಾಕಿ. 384 ಕಿ.ಮೀ. ಎಂದರೆ 207 ನಾಟಿಕಲ್ ಮೈಲಿ. ಗಾಳಿಯೇ ಇಲ್ಲದಿದ್ದರೆ 83 ನಿಮಿಷ. 30 ನಾಟ್ ಎದುರುಗಾಳಿ ಬೀಸಿದರೆ ನೆಲದ ಮೇಲಿನ ವೇಗ 120ಕ್ಕೆ ಇಳಿದು 104 ನಿಮಿಷ. ಅದೇ ಗಾಳಿ ಹಿಂದಿನಿಂದ ಬೀಸಿದರೆ 69 ನಿಮಿಷ. ಒಂದೇ ದಾರಿ, ಒಂದೇ ವಿಮಾನ, ಹೋಗುವುದಕ್ಕೂ ಬರುವುದಕ್ಕೂ ಅರ್ಧ ಗಂಟೆಗಿಂತ ಹೆಚ್ಚಿನ ವ್ಯತ್ಯಾಸ. 450 ನಾಟ್ ವೇಗದ ಜೆಟ್‌ಗೆ 30 ನಾಟ್ ಗಾಳಿ ಲೆಕ್ಕಕ್ಕೇ ಬರುವುದಿಲ್ಲ, 150 ನಾಟ್‌ನ ವಿಮಾನಕ್ಕೆ ಅದು ವೇಗದ ಐದನೇ ಒಂದು ಭಾಗ. ಇಂಥ ದಾರಿಗೆ ತಾಣವೊಂದು ನಿಮಿಷದ ಲೆಕ್ಕದಲ್ಲಿ ಸಮಯ ಹೇಳಿದರೆ ಆ ನಿಖರತೆಗೆ ಬೆಲೆಯಿಲ್ಲ.

ಇದೇ ಜೋಡಿಯಲ್ಲಿ ಇನ್ನೊಂದು ಗೊಂದಲವಿದೆ, ಅನುಭವಸ್ಥರೂ ಮುಗ್ಗರಿಸುವಂಥದ್ದು. ರೆಸಲ್ಯೂಟ್‌ನ ಗಡಿಯಾರ ಮಧ್ಯ ಕಾಲವಲಯದ್ದು, ಗ್ರೀಸ್ ಫಿಯರ್ಡ್‌ನದು ಒಂದು ಗಂಟೆ ಮುಂದಿರುವ ಪೂರ್ವ ಕಾಲವಲಯದ್ದು. ರೆಸಲ್ಯೂಟ್‌ನಿಂದ ಮಧ್ಯಾಹ್ನ 1 ಗಂಟೆಗೆ ಹೊರಟ ವಿಮಾನ 1 ಗಂಟೆ 25 ನಿಮಿಷ ಹಾರಿದರೆ ಗ್ರೀಸ್ ಫಿಯರ್ಡ್‌ನ ಗಡಿಯಾರದಲ್ಲಿ 3:25 ಆಗಿರುತ್ತದೆ. ವೇಳಾಪಟ್ಟಿಯಲ್ಲಿ ಕಳೆದು ನೋಡಿದವರಿಗೆ ಹಾರಾಟ 2 ಗಂಟೆ 25 ನಿಮಿಷ ಎನಿಸುತ್ತದೆ. ವಾಪಸು ಬರುವಾಗ 4 ಗಂಟೆಗೆ ಹೊರಟದ್ದು 4:25ಕ್ಕೆ ಇಳಿಯುತ್ತದೆ, ಕಳೆದರೆ ಬರೀ 25 ನಿಮಿಷ! ವೇಳಾಪಟ್ಟಿಯ ವೇಳೆಗಳು ಯಾವಾಗಲೂ ಆಯಾ ಊರಿನ ಸ್ಥಳೀಯ ವೇಳೆಗಳೇ. ನುನಾವುಟ್‌ನಲ್ಲಿ ಒಂದೇ ಪ್ರಾಂತದೊಳಗೆ ಪೂರ್ವ, ಮಧ್ಯ, ಪರ್ವತ ಎಂದು ಮೂರು ಕಾಲವಲಯಗಳಿವೆ. ಕಾಲವಲಯವನ್ನು ಊರಿನ ಹೆಸರಿನ ಎದುರಿಗೇ ತೋರಿಸುವ ತಾಣಕ್ಕೆ ಈ ಒಂದು ಕಾರಣಕ್ಕೇ ಹೆಚ್ಚು ಅಂಕ ಕೊಡಬೇಕು. ಅಂಥವು ಕಡಿಮೆ.

ಮೂರನೆಯ ಜೋಡಿ ತಾಣಗಳ ಪರವಾಗಿ ಸಾಕ್ಷಿ ಹೇಳುತ್ತದೆ: ನಾರ್ವೆಯ ಟ್ರೊಮ್ಸೊ ಮತ್ತು ಅದೇ ದೇಶದ ಸ್ವಾಲ್ಬಾರ್ಡ್ ದ್ವೀಪಸಮೂಹದ ಲಾಂಗ್‌ಇಯರ್‌ಬ್ಯೆನ್. ದೂರ 957 ಕಿ.ಮೀ. ಸೂತ್ರ ಹೇಳುವುದು 1 ಗಂಟೆ 41 ನಿಮಿಷ, ನಿಜವಾದ ಹಾರಾಟವೂ ಅಷ್ಟೇ ಹೊತ್ತಿನದು. 78 ಡಿಗ್ರಿ ಉತ್ತರದಲ್ಲಿದ್ದರೂ ಲಾಂಗ್‌ಇಯರ್‌ಬ್ಯೆನ್‌ಗೆ ಬೋಯಿಂಗ್ 737ರಂಥ ಜೆಟ್ ನೇರವಾಗಿ ಬರುತ್ತದೆ. ಹಾಗಾಗಿ ಊರು ಎಷ್ಟು ಉತ್ತರದಲ್ಲಿದೆ ಎನ್ನುವುದು ಮುಖ್ಯವಲ್ಲ. ಜೆಟ್ ನೇರವಾಗಿ ಹಾರುವ ಕಡೆ ಸೂತ್ರ ಗೆಲ್ಲುತ್ತದೆ, ಉಳಿದೆಡೆ ಸೋಲುತ್ತದೆ.

ಇನ್ನು ದೂರದ ನಿಖರತೆ. ಭೂಮಿ ಧ್ರುವಗಳ ಕಡೆ ಸ್ವಲ್ಪ ಚಪ್ಪಟೆ. ಗೋಳದ ಲೆಕ್ಕಕ್ಕೂ ಆ ಚಪ್ಪಟೆತನ ಹಿಡಿದ ಲೆಕ್ಕಕ್ಕೂ ಸಾಮಾನ್ಯವಾಗಿ ಶೇಕಡಾ 0.5ರಷ್ಟು ವ್ಯತ್ಯಾಸ ಬರಬಹುದು. ಉಟ್ಕಿಯಾಗ್ವಿಕ್–ಕಾಟ್ಸೆಬ್ಯೂ ಗೋಳದ ಲೆಕ್ಕದಲ್ಲಿ 541, ಇನ್ನೊಂದರಲ್ಲಿ 543 ಕಿ.ಮೀ. ರೆಸಲ್ಯೂಟ್–ಗ್ರೀಸ್ ಫಿಯರ್ಡ್ 384 ಮತ್ತು 386. ಎರಡು ತಾಣಗಳು ಎರಡು ಕಿಲೋಮೀಟರ್ ಹೆಚ್ಚುಕಡಿಮೆ ಹೇಳಿದರೆ ಒಂದು ತಪ್ಪು ಎಂದುಕೊಳ್ಳಬೇಡಿ. ಒಂದು ತಾಣ ಊರಿನ ನಡುಮಧ್ಯದಿಂದ ಅಳೆದಿರುತ್ತದೆ, ಇನ್ನೊಂದು ವಿಮಾನ ನಿಲ್ದಾಣದಿಂದ. ರೆಸಲ್ಯೂಟ್‌ನಲ್ಲಿ ನಿಲ್ದಾಣವೇ ಊರಿನಿಂದ ಐದಾರು ಕಿ.ಮೀ. ಆಚೆ ಇದೆ. ವ್ಯತ್ಯಾಸ ಹತ್ತು ಕಿ.ಮೀ. ಮೀರಿದರೆ ಮಾತ್ರ ತಲೆ ಕೆಡಿಸಿಕೊಳ್ಳಿ, ಆಗ ಊರೇ ಬೇರೆಯಾಗಿರುವ ಸಂಭವ ಹೆಚ್ಚು.

ಊರು ಬೇರೆಯಾಗುವುದು ಅಪರೂಪವೇನಲ್ಲ. ಉತ್ತರದ ಎಷ್ಟೋ ಊರುಗಳಿಗೆ ಎರಡು ಹೆಸರು. ಉಟ್ಕಿಯಾಗ್ವಿಕ್ 2016ರವರೆಗೆ ಬ್ಯಾರೋ ಆಗಿತ್ತು, ನಿಲ್ದಾಣದ ಮೂರಕ್ಷರದ ಕೋಡ್ ಇಂದಿಗೂ ಬಿ-ಆರ್-ಡಬ್ಲ್ಯು. ಬ್ಯಾರೋ ಎಂದು ಟೈಪ್ ಮಾಡಿದರೆ ಕೆಲವು ತಾಣಗಳು ಇಂಗ್ಲೆಂಡಿನ ಬ್ಯಾರೋ-ಇನ್-ಫರ್ನೆಸ್ ಹಿಡಿದುಕೊಂಡು ಸಾವಿರಾರು ಕಿ.ಮೀ. ತೋರಿಸುತ್ತವೆ. ನುನಾವುಟ್ ರಾಜಧಾನಿ ಇಕಾಲುಯಿಟ್ 1987ರವರೆಗೆ ಫ್ರೋಬಿಷರ್ ಬೇ, ಕೋಡ್ ಈಗಲೂ ವೈ-ಎಫ್-ಬಿ. ಕುಗ್ಲುಕ್ಟುಕ್‌ನ ಹಳೆಯ ಹೆಸರು ಕಾಪರ್‌ಮೈನ್, ಕೋಡ್ ವೈ-ಸಿ-ಒ. ಹಾಲ್ ಬೀಚ್ 2020ರಲ್ಲಿ ಸನಿರಜಕ್ ಆಯಿತು, ಅದೇ ವರ್ಷ ಕೇಪ್ ಡಾರ್ಸೆಟ್ ಕಿನ್‌ಗೈಟ್ ಆಯಿತು. ನುನಾವುಟ್‌ನದೇ ಆದ ಕೇಂಬ್ರಿಜ್ ಬೇ ಹೆಸರನ್ನು ಪೂರ್ತಿ ಬರೆಯದೆ ಬರೀ ಕೇಂಬ್ರಿಜ್ ಎಂದು ಹಾಕಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಊರಿನ ಹೆಸರಿನ ಬದಲು ಯಾವಾಗಲೂ ಕೋಡ್ ಹಾಕಿ. ಕೋಡ್ ಒಪ್ಪದ ತಾಣವನ್ನು ಈ ಭಾಗಕ್ಕೆ ಬಳಸಲೇಬೇಡಿ.

ಈ ಕೆಲಸಕ್ಕೆ ಅತ್ಯುತ್ತಮ ತಾಣ ಗ್ರೇಟ್ ಸರ್ಕಲ್ ಮ್ಯಾಪರ್. ನೋಡಲು ಹಳೆಯ ಕಾಲದ್ದು, ಆದರೆ ಲೆಕ್ಕ ಅಚ್ಚುಕಟ್ಟು. ಎರಡು ಕೋಡ್‌ಗಳ ನಡುವೆ ಅಡ್ಡಗೆರೆ ಹಾಕಿ ಕೊಟ್ಟರೆ ದೂರ, ಹೊರಡುವ ದಿಕ್ಕು, ನಕ್ಷೆ ಮೂರೂ ಬರುತ್ತವೆ. ದಾರಿಯಲ್ಲಿ ಇಳಿದು ಹತ್ತುವ ಊರುಗಳಿದ್ದರೆ ಮೂರು, ನಾಲ್ಕು ಕೋಡ್‌ಗಳನ್ನು ಸಾಲಾಗಿ ಕೊಡಬಹುದು, ಪ್ರತಿ ತುಂಡಿನ ದೂರ, ಒಟ್ಟು ದೂರ ಎರಡನ್ನೂ ತೋರಿಸುತ್ತದೆ. ಆಂಕರೇಜ್ ಮೂಲಕ ಹೋಗುವ ದಾರಿ, ನೇರ ದಾರಿ ಎರಡನ್ನೂ ಒಂದೇ ನಕ್ಷೆಯಲ್ಲಿ ಎಳೆದು ನೋಡಿದರೆ ಸುತ್ತು ಎಷ್ಟೆಂದು ಕಣ್ಣಿಗೇ ಕಾಣುತ್ತದೆ. ಇದರಲ್ಲಿ ಮೆಚ್ಚಬೇಕಾದ ಸಂಗತಿಯೆಂದರೆ, ಹಾರಾಟದ ಸಮಯವನ್ನು ತಾನಾಗಿ ಊಹಿಸಿ ಹೇಳುವುದಿಲ್ಲ. ವೇಗವನ್ನು ನೀವು ಕೊಟ್ಟರೆ ಮಾತ್ರ ಸಮಯ ಲೆಕ್ಕ ಹಾಕುತ್ತದೆ. ಟ್ವಿನ್ ಆಟರ್ ಎಂದು ಗೊತ್ತಿದ್ದವರು 150 ನಾಟ್ ಕೊಟ್ಟು ಸರಿಯಾದ ಉತ್ತರ ಪಡೆಯಬಹುದು. ಕೊರತೆಯೆಂದರೆ ಕೋಡ್ ಗೊತ್ತಿಲ್ಲದ ಹೊಸಬರಿಗೆ ಮೊದಲು ಸ್ವಲ್ಪ ಕಷ್ಟ, ಮೊಬೈಲ್ ಪರದೆಯಲ್ಲಿ ಅಕ್ಷರ ಸಣ್ಣ.

ನಕ್ಷೆಯ ಆ್ಯಪ್‌ಗಳಲ್ಲಿರುವ ಅಳತೆಯ ಉಪಕರಣಗಳೂ ದೂರದ ಮಟ್ಟಿಗೆ ಪರವಾಗಿಲ್ಲ. ಆದರೆ ಅವುಗಳ ಚಪ್ಪಟೆ ನಕ್ಷೆಯನ್ನು ಕಣ್ಣಂದಾಜಿನಲ್ಲಿ ಓದಬಾರದು. ಸಾಮಾನ್ಯ ಮರ್ಕೇಟರ್ ನಕ್ಷೆ 70 ಡಿಗ್ರಿ ಅಕ್ಷಾಂಶದಲ್ಲಿ ಎಲ್ಲವನ್ನೂ ಸುಮಾರು ಮೂರು ಪಟ್ಟು ಹಿಗ್ಗಿಸುತ್ತದೆ, ಗ್ರೀಸ್ ಫಿಯರ್ಡ್ ಬಳಿ ನಾಲ್ಕು ಪಟ್ಟಿಗೂ ಮೇಲೆ. ಆ ನಕ್ಷೆಯಲ್ಲಿ ರೆಸಲ್ಯೂಟ್‌ನಿಂದ ಗ್ರೀಸ್ ಫಿಯರ್ಡ್‌ಗೆ ಎಳೆದ ಗೆರೆ ಸಮಭಾಜಕದ ಬಳಿಯ 1,500 ಕಿ.ಮೀ. ಗೆರೆಯಷ್ಟು ಉದ್ದ ಕಾಣುತ್ತದೆ. ದಿಕ್ಕಿನ ವಿಷಯವೂ ಹಾಗೆಯೇ. ಧ್ರುವದ ಬಳಿ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುವುದರಿಂದ ಇದೇ 384 ಕಿ.ಮೀ.ಯೊಳಗೆ ದಿಕ್ಕಿನ ಅಂಕಿ ಹೆಚ್ಚುಕಡಿಮೆ 12 ಡಿಗ್ರಿ ಬದಲಾಗುತ್ತದೆ. ತಾಣ ತೋರಿಸುವುದು ಹೊರಡುವಾಗಿನ ದಿಕ್ಕು, ತಲುಪುವಾಗಿನದಲ್ಲ. ಕಾಂತೀಯ ಉತ್ತರ ಧ್ರುವದ ಸಮೀಪ ದಿಕ್ಸೂಚಿ ನಂಬಲರ್ಹವಲ್ಲದ ಕಾರಣ ಕೆನಡಾದ ಉತ್ತರದ ವಾಯುಪ್ರದೇಶದಲ್ಲಿ ದಿಕ್ಕನ್ನು ನಿಜವಾದ ಉತ್ತರದಿಂದಲೇ ಎಣಿಸುತ್ತಾರೆ, ರನ್‌ವೇ ಸಂಖ್ಯೆಗಳೂ ಹಾಗೆಯೇ.

ನಿಜವಾದ ಸಮಯ ಬೇಕೆಂದರೆ ವಿಮಾನಗಳ ಜಾಡು ತೋರಿಸುವ ತಾಣಗಳಲ್ಲಿ ಹಿಂದಿನ ಹಾರಾಟಗಳ ದಾಖಲೆ ನೋಡುವುದು ಉತ್ತಮ. ಒಂದು ದಿನದ್ದು ಸಾಲದು, ಎರಡು ವಾರದ್ದು ನೋಡಿ: ಎಷ್ಟು ಸಲ ಹೊತ್ತಿಗೆ ಹೊರಟಿತು, ಎಷ್ಟು ಸಲ ರದ್ದಾಯಿತು, ಎಷ್ಟು ಸಲ ಅರ್ಧ ದಾರಿಯಿಂದ ಹೊರಟ ಊರಿಗೇ ಮರಳಿತು. ದೂರದ ಉತ್ತರದಲ್ಲಿ ವಿಮಾನದ ಸಂಕೇತ ಹಿಡಿಯುವ ನೆಲದ ಮೇಲಿನ ರಿಸೀವರ್‌ಗಳು ವಿರಳ, ಸಣ್ಣ ವಿಮಾನ ಕೆಳಮಟ್ಟದಲ್ಲಿ ಹಾರುತ್ತದೆ, ಹಾಗಾಗಿ ಜಾಡು ನಡುವೆ ಕಾಣೆಯಾಗುವುದು ಮಾಮೂಲು. ಜಾಡು ನಿಂತ ಹೊತ್ತನ್ನು ಇಳಿದ ಹೊತ್ತು ಎಂದುಕೊಳ್ಳಬೇಡಿ.

ಟಿಕೆಟ್ ಹುಡುಕುವ ದೊಡ್ಡ ತಾಣಗಳ ಮಿತಿ ಬೇರೆ. ಸಣ್ಣ ಪ್ರಾದೇಶಿಕ ಕಂಪನಿಗಳ ಎಷ್ಟೋ ಹಾರಾಟಗಳು ಅಲ್ಲಿ ಕಾಣುವುದೇ ಇಲ್ಲ. ‘ವಿಮಾನವಿಲ್ಲ’ ಎಂದು ತೋರಿಸಿದರೆ ಆ ಕಂಪನಿಯ ಸ್ವಂತ ತಾಣದಲ್ಲಿ ವೇಳಾಪಟ್ಟಿ ನೋಡಿ, ಅಲ್ಲೂ ಇಲ್ಲದಿದ್ದರೆ ಫೋನ್ ಮಾಡಿ. ದೊಡ್ಡ ಕಂಪನಿಯ ಟಿಕೆಟ್ ಒಂದು, ಸಣ್ಣ ಕಂಪನಿಯದು ಇನ್ನೊಂದು ಎಂದು ಬೇರೆ ಬೇರೆ ಕೊಂಡಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿಹೋದಾಗ ಹೊಣೆ ಸಾಮಾನ್ಯವಾಗಿ ಪ್ರಯಾಣಿಕನದೇ. ಒಂದೇ ಟಿಕೆಟ್ ಸಿಕ್ಕುವಂತಿದ್ದರೆ ಸ್ವಲ್ಪ ದುಬಾರಿಯಾದರೂ ಅದನ್ನೇ ತೆಗೆದುಕೊಳ್ಳಿ.

ಕೈಲೆಕ್ಕ ಕಷ್ಟವೇನಲ್ಲ. ಕಿಲೋಮೀಟರ್ ಅನ್ನು 1.852ರಿಂದ ಭಾಗಿಸಿದರೆ ನಾಟಿಕಲ್ ಮೈಲಿ. ಅದನ್ನು ವಿಮಾನದ ವೇಗದಿಂದ ಭಾಗಿಸಿ: ಟ್ವಿನ್ ಆಟರ್‌ಗೆ 150, ಕ್ಯಾರವಾನ್‌ಗೆ 165, ಟರ್ಬೊಪ್ರಾಪ್‌ಗಳಾದ ಹಳೆಯ ಡ್ಯಾಶ್ 8ಕ್ಕೆ 260ರಿಂದ 270, ಎಟಿಆರ್ 42ಕ್ಕೆ ಮಾದರಿ ನೋಡಿ 270ರಿಂದ 300, ಬೋಯಿಂಗ್ 737ಕ್ಕೆ 450. ಬಂದದ್ದಕ್ಕೆ ಸಣ್ಣ ವಿಮಾನವಾದರೆ 10ರಿಂದ 15 ನಿಮಿಷ, ಜೆಟ್ ಆದರೆ 30 ನಿಮಿಷ ಕೂಡಿಸಿ. ನಡುವೆ ಇಳಿಯುವ ಪ್ರತಿ ಊರಿಗೂ ಕನಿಷ್ಠ ಅರ್ಧ ಗಂಟೆ ಸೇರಿಸಿ, ಸರಕು ಇಳಿಸುವುದಿದ್ದರೆ ಮುಕ್ಕಾಲು ಗಂಟೆ. ಇಕಾಲುಯಿಟ್‌ನಿಂದ ಗ್ರೀಸ್ ಫಿಯರ್ಡ್‌ಗೆ ನೇರ ದೂರ ಸುಮಾರು 1,500 ಕಿ.ಮೀ. ಆದರೆ ರೆಸಲ್ಯೂಟ್ ಮೂಲಕ ಹೋದರೆ 1,960ರ ಹತ್ತಿರ, ಅಲ್ಲಿ ವಿಮಾನವೂ ಬದಲಾಗುತ್ತದೆ. ಗ್ರೀಸ್ ಫಿಯರ್ಡ್‌ಗೆ ವಾರದಲ್ಲಿ ಕೆಲವೇ ದಿನ ವಿಮಾನ, ಆದ್ದರಿಂದ ಇಲ್ಲಿ ಗಂಟೆಗಿಂತ ದಿನದ ಲೆಕ್ಕವೇ ಮುಖ್ಯ. ಯಾವ ವಾರ ಹೋಗುತ್ತೀರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಹೊರಡುವ ದಿನ ಕೆಡಿಸುವುದು ಬಹುಪಾಲು ಹವೆ. ಉಟ್ಕಿಯಾಗ್ವಿಕ್‌ನಲ್ಲಿ ಬೇಸಿಗೆಯಲ್ಲಿ ಸಮುದ್ರದ ಮೇಲಿಂದ ಬರುವ ದಟ್ಟ ಮಂಜು, ಚಳಿಗಾಲದಲ್ಲಿ ಗಾಳಿಗೆ ಎದ್ದು ಹಾರುವ ಹಿಮ. ಗ್ರೀಸ್ ಫಿಯರ್ಡ್‌ನಲ್ಲಿ ಬೆಟ್ಟದಿಂದ ಧುಮುಕುವ ಗಾಳಿ. ಪೈಲಟ್ ಊರಿನ ಮೇಲೆ ಬಂದು, ರನ್‌ವೇ ನೋಡಿ, ಇಳಿಯದೆ ಹಿಂದಿರುಗುವುದೂ ಉಂಟು, ಅದು ಅವರ ತಪ್ಪಲ್ಲ. ಹೀಗಾಗಿಯೇ ವಿಮಾನ ವಾಪಸು ಬರುವಷ್ಟು ಇಂಧನ ಹೊತ್ತಿರಬೇಕು, ಹಾಗೆ ಹೊತ್ತಾಗ ಪ್ರಯಾಣಿಕರಿಗೂ ಸಾಮಾನಿಗೂ ಉಳಿಯುವ ತೂಕ ಕಡಿಮೆಯಾಗುತ್ತದೆ. ಸಣ್ಣ ವಿಮಾನ ಹತ್ತುವ ಮುನ್ನ ಪ್ರಯಾಣಿಕರ ತೂಕ ಕೇಳುವುದು ಈ ಕಾರಣಕ್ಕೇ. ದೊಡ್ಡ ಸೂಟ್‌ಕೇಸ್ ಮುಂದಿನ ವಿಮಾನಕ್ಕೆ ಉಳಿದರೂ ತೊಂದರೆಯಾಗದಂತೆ ಔಷಧ, ಬೆಚ್ಚನೆಯ ಬಟ್ಟೆ, ಚಾರ್ಜರ್ ಕೈಚೀಲದಲ್ಲೇ ಇರಲಿ. ಹಿಂದಿರುಗುವ ಅಂತರರಾಷ್ಟ್ರೀಯ ವಿಮಾನಕ್ಕೂ ಈ ಸಣ್ಣ ಹಾರಾಟಕ್ಕೂ ನಡುವೆ ಕನಿಷ್ಠ ಎರಡು ದಿನ ಬಿಡಿ, ಚಳಿಗಾಲದಲ್ಲಿ ಮೂರು.

ಸೂತ್ರ ಸರಿಹೋಗುವ ಟ್ರೊಮ್ಸೊ–ಲಾಂಗ್‌ಇಯರ್‌ಬ್ಯೆನ್ ದಾರಿಯಲ್ಲೂ ಒಂದು ಸಂಗತಿ ಯಾವ ತಾಣದ ಸಮಯದಲ್ಲೂ ಸೇರಿರುವುದಿಲ್ಲ. ಸ್ವಾಲ್ಬಾರ್ಡ್ ನಾರ್ವೆಯದೇ ಆದರೂ ಶೆಂಗೆನ್ ವಲಯದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ) ಹೊರಗಿದೆ, ಆದ್ದರಿಂದ ಪಾಸ್‌ಪೋರ್ಟ್ ತಪಾಸಣೆ ಇದೆ. ಓಸ್ಲೊದಿಂದ ಟ್ರೊಮ್ಸೊ ಮೂಲಕ ಹೋಗುವ ವಿಮಾನದಲ್ಲಿ ಕುಳಿತವರು ಟ್ರೊಮ್ಸೊದಲ್ಲಿ ಕೆಳಗಿಳಿದು, ತಪಾಸಣೆ ಮುಗಿಸಿ, ಮತ್ತೆ ಹತ್ತಬೇಕು. ಶೆಂಗೆನ್‌ಗೆ ಒಂದೇ ಸಲ ಪ್ರವೇಶ ಕೊಡುವ ವೀಸಾ ಇದ್ದವರು ಸ್ವಾಲ್ಬಾರ್ಡ್‌ಗೆ ಹೋದರೆ ನಾರ್ವೆಗೆ ಮರಳುವುದು ಎರಡನೇ ಪ್ರವೇಶವಾಗುತ್ತದೆ. ಆದ್ದರಿಂದ ವೀಸಾ ಅರ್ಜಿ ಹಾಕುವಾಗಲೇ ಎರಡು ಅಥವಾ ಹೆಚ್ಚು ಪ್ರವೇಶದ್ದನ್ನು ಕೇಳಿ.